ಮಾರುವವನ ಮೌನ

ದೂರ ಸಮುದ್ರದ ಯಾನಕ್ಕೆಂದು ಕಟ್ಟಿದ ಹಾಯಿನೌಕೆಯೊಂದು ಹಲವು ವರ್ಷ ದುಡಿದು, ಒಡೆಯನಿಗೆ ವಯಸ್ಸಾದುದರಿಂದಲೋ ಹಣದ ಅಡಚಣೆಯಿಂದಲೋ ಮಾರಾಟಕ್ಕೆ ಬಂದಾಗ, ಅದರ ಸಂಗಡ ಒಂದು ಉದ್ದವಾದ ಯಾದಿಯೂ ಹೊರಡುತ್ತದೆ. ಉದ್ದ 36 ಅಡಿ, ಮೈ ಫೈಬರ್‌ಗ್ಲಾಸಿನದು, ದೊಡ್ಡ ಹಾಯಿ ಒಂದು, ಮುಂದಣ ಹಾಯಿಗಳು ಮೂರು, ಬಿರುಗಾಳಿಯಲ್ಲಿ ಕಟ್ಟುವ ಚಿಕ್ಕ ಹಾಯಿ ಬೇರೆ, ಡೀಸೆಲ್ ಎಂಜಿನ್ನು, ಲಂಗರು ಎರಡು, ಅವಕ್ಕೆ ತಕ್ಕ ಸರಪಳಿ, ನಾವಿಕನು ಮಲಗಿರುವಾಗಲೂ ಗಾಳಿಯ ದಿಕ್ಕನ್ನು ಹಿಡಿದು ನೌಕೆಯನ್ನು ನಡೆಯಿಸುವ ಗಾಳಿಚುಕ್ಕಾಣಿ, ಸಿಹಿನೀರಿನ ಟಾಕಿ, ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಫಲಕಗಳು, ರೇಡಿಯೋ, ಒಳಗೆ ಸೇರಿದ ನೀರನ್ನು ಹೊರಚೆಲ್ಲುವ ಪಂಪುಗಳು, ಆಪತ್ಕಾಲದಲ್ಲಿ ತಾನಾಗಿ ಉಬ್ಬಿಕೊಳ್ಳುವ ರಕ್ಷಕ ತೆಪ್ಪ, ಅಲೆಗೆ ನೌಕೆ ವಾಲಿದರೂ ಪಾತ್ರೆ ಚೆಲ್ಲದಂತೆ ತೂಗುಹಾಕಿದ ಒಲೆ, ಹಾಸಿಗೆಗಳಿಗೆ ಹೊಸ ಗವಸು. ಕಡೆಯಲ್ಲಿ 'ಪೃಥ್ವೀಪ್ರದಕ್ಷಿಣೆಗೆ ಸರ್ವಸಿದ್ಧ' ಎಂಬ ಒಂದು ವಾಕ್ಯ.

ಈ ಯಾದಿಯಲ್ಲಿ ಸುಳ್ಳೆಂಬುದು ಒಂದೂ ಇರಲಿಕ್ಕಿಲ್ಲ. ಹೇಳಿದ ಹಾಯಿಗಳು ಇವೆ, ಲಂಗರುಗಳು ಇವೆ, ಗವಸುಗಳು ಹೊಸವೇ. ಆದರೂ ಓದಿ ಮುಗಿಸಿದವನಿಗೆ ಅತ್ಯಗತ್ಯವಾದುದು ತಿಳಿದಿರುವುದಿಲ್ಲ. ನೌಕೆಯು ಮಗುಚಿಕೊಳ್ಳದಂತೆ ಅಡಿಯಲ್ಲಿ ತೂಗುವ ಸೀಸದ ಅಥವಾ ಕಬ್ಬಿಣದ ಭಾರಕ್ಕೆ ಕೀಲ್ ಎಂದು ಹೆಸರು. ಎಷ್ಟೋ ನೌಕೆಗಳಲ್ಲಿ ಅದನ್ನು ಮೈಗೆ ಬಿಗಿದಿರುವುದು ಕೆಲವೇ ಬೋಲ್ಟುಗಳಿಂದ. ಅವು ತುಕ್ಕು ಹಿಡಿದಿವೆಯೋ ಇಲ್ಲವೋ ಬಿಚ್ಚಿ ನೋಡದೆ ತಿಳಿಯದು. ಪಟದ ಕಂಬವನ್ನು ನೆಟ್ಟಗೆ ನಿಲ್ಲಿಸಿರುವುದು ಉಕ್ಕಿನ ತಂತಿಹಗ್ಗಗಳು. ಆ ಹಗ್ಗಗಳ ಬುಡವನ್ನು ಹಿಡಿದಿರುವ ಲೋಹದ ಪಟ್ಟಿಗಳು ಮರದ ಕಪಾಟುಗಳ ಹಿಂದೆ ಅಡಗಿವೆ. ಮೇಲ್ಮಾಳಿಗೆಯ ಎರಡು ಪದರಗಳ ನಡುವೆ ಹಗುರಾದ ಮರವನ್ನು ತುಂಬಿದ್ದರೆ, ಒಂದು ಸಡಿಲ ತಿರುಪಿನ ಸಂದಿನಿಂದ ಇಳಿದ ನೀರು ಆ ಮರವನ್ನು ವರ್ಷಾನುವರ್ಷ ಕೊಳೆಸುತ್ತಿರಬಹುದು, ಮೇಲಣ ಬಣ್ಣಕ್ಕೆ ಮಾತ್ರ ಏನೂ ಆಗಿರುವುದಿಲ್ಲ. ರಕ್ಷಕ ತೆಪ್ಪವು ಪೆಟ್ಟಿಗೆಯಲ್ಲಿದೆ; ಅದನ್ನು ಬಿಚ್ಚಿ ಪರೀಕ್ಷಿಸಿ ಎಷ್ಟು ವರ್ಷವಾಯಿತೆಂಬುದು ಯಾದಿಯಲ್ಲಿಲ್ಲ. ಕಣ್ಣಿಗೆ ಬೀಳುವುದೆಲ್ಲ ಬರೆಯಲ್ಪಟ್ಟಿದೆ. ಜೀವವು ಯಾವುದರ ಮೇಲೆ ನಿಂತಿದೆಯೋ ಅದು ಬರೆಯಲ್ಪಟ್ಟಿಲ್ಲ.

ಹಾಗಾದರೆ ಮಾರುವವನು ತಪ್ಪು ಮಾಡಿದನೇ? ಕೇಳದ ಪ್ರಶ್ನೆಗೆ ಉತ್ತರ ಕೊಡದಿರುವುದು ಅಸತ್ಯವಾಗುವುದೇ? ಇದು ಬಹು ಹಳೆಯ ಪ್ರಶ್ನೆ.

ಸೇಡಂ, ಚಿತ್ತಾಪುರ, ಚಿಂಚೋಳಿಗಳ ವಾಚಕರಿಗೆ ಕಡಲು ದೂರ, ಕಡಲನೌಕೆಯ ಬೆಲೆಯಂತೂ ಇನ್ನೂ ದೂರ. ಹಾಗೆಂದು ಈ ಸೀಮೆ ಹಡಗಿನ ಮಾತಿಗೆ ತೀರ ಪರಕೀಯವಲ್ಲ. ಕಾಗಿಣಾ ತೀರದ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ ಅಲ್ಲಿಯ ಅರಸನ ಕೀರ್ತಿ ಅರಬ ವರ್ತಕರ ಹಡಗುಗಳೊಡನೆ ಪರ್ಶಿಯಾ ಕೊಲ್ಲಿಯವರೆಗೂ ಹೋಗಿತ್ತು. 851ರಲ್ಲಿ ರಚಿತವಾದ ಅರಬಿ ಪ್ರವಾಸವೃತ್ತಾಂತವು 'ಬಲ್ಹರಾ' ಎಂದು ಕರೆದು ಅವನನ್ನು ಲೋಕದ ನಾಲ್ವರು ದೊಡ್ಡ ಅರಸರಲ್ಲಿ ಎಣಿಸಿದೆ. ಇದಿರಲಿ. ಪ್ರಶ್ನೆಯು ಹಡಗಿನದೊಂದೇ ಆಗಿದ್ದರೆ ಬಂದರಿನವರಿಗೆ ಬಿಟ್ಟುಬಿಡಬಹುದಾಗಿತ್ತು. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ಎಣಿಸುತ್ತಾನೆ, ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ. ಆದರೆ ನೊಗ ಹೊತ್ತು ನಾಲ್ಕು ಸಾಲು ಎಳೆದ ಮೇಲೆ ಮಲಗಿಬಿಡುವುದು ಅದರ ಚಾಳಿಯೆಂಬುದನ್ನು ಬಲ್ಲವನು ಮಾರುವವನೊಬ್ಬನೇ. 'ನೋಡಿ ತೆಗೆದುಕೊಳ್ಳಿರಿ' ಎಂದು ಅವನು ಹೇಳುತ್ತಾನೆ. ಆ ಮಾತಿನಲ್ಲಿಯೂ ಸುಳ್ಳಿಲ್ಲ. ಶಹಾಬಾದದ ಫರಸಿಯನ್ನು ಕೊಳ್ಳುವವನು ಕಲ್ಲನ್ನು ತಟ್ಟಿ ಕಿವಿಗೊಡುತ್ತಾನೆ. ಗಟ್ಟಿ ಕಲ್ಲು ಕಣಕಣ ನುಡಿಯುತ್ತದೆ, ಒಳಬಿರುಕಿನ ಕಲ್ಲು ಮಂದವಾಗಿ ನುಡಿಯುತ್ತದೆ. ವಿಲಕ್ಷಣವೆಂದರೆ, ಹಳೆಯ ನೌಕೆಯನ್ನು ಪರೀಕ್ಷಿಸಲು ಬರುವ ತಜ್ಞನು ಮಾಡುವುದೂ ಇದನ್ನೇ. ಸಣ್ಣ ಸುತ್ತಿಗೆಯಿಂದ ಮೈಯನ್ನೆಲ್ಲ ಗೇಣುಗೇಣಾಗಿ ತಟ್ಟುತ್ತ ಹೋಗುತ್ತಾನೆ. ಪದರ ಬಿಟ್ಟಲ್ಲಿ ಸ್ವರ ಸಾಯುತ್ತದೆ. ಎತ್ತು, ಕಲ್ಲು, ನೌಕೆ ಈ ಮೂರಕ್ಕೂ ಪ್ರಶ್ನೆ ಒಂದೇ, ಅಪಾಯದ ಪ್ರಮಾಣ ಮಾತ್ರ ಬೇರೆ. ಫರಸಿ ಸೀಳಿದರೆ ಅಂಗಳ ಕೆಡುವುದು. ಎತ್ತು ಮಲಗಿದರೆ ಹಂಗಾಮು ಕೆಡುವುದು. ನೆಲದಿಂದ ಸಾವಿರ ಮೈಲಿಯಾಚೆ ನೌಕೆಯ ಕೀಲ್ ಕಳಚಿದರೆ ಯಾರನ್ನು ಕರೆಯುವುದು?

ಇದು ಕಲ್ಪನೆಯ ಭಯವಲ್ಲ. 2014ರ ಮೇ ತಿಂಗಳಲ್ಲಿ 'ಚೀಕಿ ರಫಿಕಿ' ಎಂಬ ಹಾಯಿನೌಕೆಯು ಆಂಟಿಗುವಾ ದ್ವೀಪದಿಂದ ಇಂಗ್ಲೆಂಡಿಗೆ ಮರಳುತ್ತಿರುವಾಗ ಅಟ್ಲಾಂಟಿಕ್ ಸಾಗರದ ನಡುವೆ ಅದರ ಕೀಲ್ ಕಳಚಿ ನೌಕೆಯು ಮಗುಚಿತು. ಅದರಲ್ಲಿದ್ದ ನಾಲ್ವರೂ ಹೋದರು. ಅದು ಮಾರಾಟದ ಪ್ರಕರಣವಲ್ಲ. ಆದರೆ ತನಿಖೆ ಮಾಡಿದವರು ತೋರಿಸಿಕೊಟ್ಟ ಒಂದು ಸಂಗತಿ ಇಲ್ಲಿಗೆ ತೀರ ಪ್ರಕೃತವಾದುದು: ಹಿಂದೆ ನೌಕೆಯ ಅಡಿ ನೆಲಕ್ಕೆ ತಗುಲಿದ ಹಗುರವಾದ ಪೆಟ್ಟುಗಳೂ ಅವುಗಳ ತರುವಾಯದ ದುರಸ್ತಿಗಳೂ ಹೊರಗೆ ಕಾಣದಂತೆ ಅದರ ಕಟ್ಟನ್ನು ಸಡಿಲಿಸಿರಬಹುದು. ಎಂದರೆ ಪೆಟ್ಟಿನ ನೆನಪು ಮನುಷ್ಯರಲ್ಲಿ ಉಳಿಯುತ್ತದೆ, ನೌಕೆಯ ಬಣ್ಣದಲ್ಲಿ ಉಳಿಯುವುದಿಲ್ಲ. ಮಾರುವವನು ಆ ನೆನಪನ್ನು ತನ್ನ ಬಳಿಯೇ ಇಟ್ಟುಕೊಂಡು ನೌಕೆಯನ್ನು ಮಾತ್ರ ಕೊಟ್ಟರೆ, ಕೊಟ್ಟದ್ದು ಪೂರ್ಣವಾಯಿತೆಂದು ಹೇಳಲಾಗದು.

ಕಾಯಿದೆಯು ಈ ವಿಷಯದಲ್ಲಿ ಏನೆನ್ನುತ್ತದೆ? 1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮು ವಂಚನೆಯ ಲಕ್ಷಣವನ್ನು ಹೇಳುತ್ತ, ಬರಿಯ ಮೌನವು ಸಾಮಾನ್ಯವಾಗಿ ವಂಚನೆಯಲ್ಲವೆಂದು ವಿಧಿಸಿದೆ. ಅದಕ್ಕೆ ಕೊಟ್ಟ ಉದಾಹರಣೆಗಳು ನೀತಿಕಥೆಗಳಂತೆಯೇ ಇವೆ. ಒಬ್ಬನು ತನ್ನ ಕುದುರೆಯನ್ನು ಲಿಲಾವಿನಲ್ಲಿ ಮಾರುತ್ತಾನೆ. ಅದಕ್ಕೆ ರೋಗವುಂಟೆಂದು ಬಲ್ಲನು, ಆದರೆ ಬಾಯಿ ಬಿಡುವುದಿಲ್ಲ. ಇದು ವಂಚನೆಯಲ್ಲ. ಕೊಳ್ಳುವವಳು ಆಗತಾನೆ ವಯಸ್ಸಿಗೆ ಬಂದ ಅವನ ಮಗಳಾಗಿದ್ದರೆ? ಆಗ ಸಂಬಂಧದ ಬಲದಿಂದಲೇ ಹೇಳುವುದು ಅವನ ಕರ್ತವ್ಯವಾಗುತ್ತದೆ. ಕೊಳ್ಳುವವನು 'ನೀವು ಇಲ್ಲವೆನ್ನದಿದ್ದರೆ ಕುದುರೆ ನಿರೋಗಿಯೆಂದು ತಿಳಿಯುತ್ತೇನೆ' ಎಂದಾಗ ಮಾರುವವನು ಸುಮ್ಮನಿದ್ದರೆ, ಆ ಸುಮ್ಮನಿರುವಿಕೆ ಮಾತಿಗೆ ಸಮಾನ. 1930ರ ಸರಕು ಮಾರಾಟದ ಕಾಯಿದೆಯು ಕೊಳ್ಳುವವನಿಗೆ ಕೆಲವು ರಕ್ಷಣೆಗಳನ್ನು ಕೊಟ್ಟಿದೆ ನಿಜ. ಆದರೆ ಅವು ಬಹುಮಟ್ಟಿಗೆ ಆ ಸರಕಿನ ವ್ಯಾಪಾರವನ್ನೇ ಮಾಡುವವರಿಂದ ಕೊಂಡಾಗಿನವು. ತನ್ನ ಒಂದೇ ನೌಕೆಯನ್ನು ಮಾರುವ ಮುದುಕ ನಾವಿಕನನ್ನು ಅವು ಅಷ್ಟಾಗಿ ಕಟ್ಟಲಾರವು.

ಮಗಳ ಉದಾಹರಣೆಯ ಬಳಿ ಸ್ವಲ್ಪ ನಿಲ್ಲಬೇಕು. ಕಾಯಿದೆಯನ್ನು ಬರೆದವರಿಗೂ, ಹೇಳಲೇಬೇಕಾದ ಸಂದರ್ಭವೊಂದುಂಟು ಎಂಬುದು ತಿಳಿದಿತ್ತು. ಅದು ಯಾವಾಗ ಬರುತ್ತದೆ? ಕೊಳ್ಳುವವಳು ತನ್ನ ಕಣ್ಣಿಗಿಂತ ಮಾರುವವನ ಮಾತನ್ನೇ ಹೆಚ್ಚಾಗಿ ನಂಬಬೇಕಾಗಿ ಬಂದಾಗ. ಅವರು ಆ ನಂಬಿಕೆಯ ಮೂಲವನ್ನು ರಕ್ತಸಂಬಂಧದಲ್ಲಿ ಕಂಡರು. ಆದರೆ ಬೇರೆ ಮೂಲವೂ ಉಂಟು. ಯಾವ ವಸ್ತುವಿನ ದೋಷವು ಪರೀಕ್ಷೆಗೆ ಸಿಕ್ಕದೋ, ಯಾವುದರ ಮೇಲೆ ಕೊಳ್ಳುವವನು ತನ್ನ ಪ್ರಾಣವನ್ನೇ ಇಡಬೇಕಾಗಿದೆಯೋ, ಅದನ್ನು ಮಾರುವವನಿಗೂ ಕೊಳ್ಳುವವನಿಗೂ ಆ ವಸ್ತುವಿನ ಸ್ವಭಾವವೇ ಒಂದು ಸಂಬಂಧವನ್ನು ಹುಟ್ಟಿಸುತ್ತದೆ.

ಇದಕ್ಕೆ ಆಧಾರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಶಹಾಬಾದದ ಬಳಿಯ ಮರತೂರು ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಅವನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ದಾಯಭಾಗದ ವಿಚಾರಕ್ಕಾಗಿ ನ್ಯಾಯಾಲಯಗಳಲ್ಲೆಲ್ಲ ಹೆಸರಾಯಿತು. ಆದರೆ ಅದೇ ಗ್ರಂಥದಲ್ಲಿ ಕೊಂಡು ಪಶ್ಚಾತ್ತಾಪಪಡುವವರ ಪ್ರಕರಣವೂ ಒಂದಿದೆ. ಯಾವ ಸರಕನ್ನು ಎಷ್ಟು ದಿನ ಪರೀಕ್ಷಿಸಿ ನೋಡಬಹುದೆಂದು ಮೂಲಸ್ಮೃತಿಯು ಅಲ್ಲಿ ಗೊತ್ತುಮಾಡುತ್ತದೆ: ಕಬ್ಬಿಣಕ್ಕೆ ಒಂದು ದಿನ, ಹಯನಿನ ಪಶುವಿಗೆ 3 ದಿನ, ಭಾರ ಹೊರುವ ಪಶುವಿಗೆ 5, ರತ್ನಗಳಿಗೆ 7, ಬೀಜಕ್ಕೆ 10. ದಾಸದಾಸಿಯರನ್ನೂ ಇದೇ ಯಾದಿಯಲ್ಲಿ ಸೇರಿಸಿರುವುದು ಆ ಕಾಲದ ಕಳಂಕ, ಅದನ್ನು ಸಮರ್ಥಿಸುವ ಪ್ರಯತ್ನ ಬೇಡ. ಉಳಿದ ಎಣಿಕೆಯನ್ನು ಮಾತ್ರ ನೋಡಿದರೆ ಅದರಲ್ಲಿ ಒಂದು ತತ್ತ್ವವು ಹೊಳೆಯುತ್ತದೆ. ಕಬ್ಬಿಣದ ದೋಷ ಬಡಿದೊಡನೆ ಗೊತ್ತಾಗುವುದು. ಹಸು ಎಷ್ಟು ಕರೆಯುವುದೆಂಬುದು ಎರಡು ಮೂರು ಹೊತ್ತಿನಲ್ಲಿ ತಿಳಿಯುವುದು. ಎತ್ತಿನ ಚಾಳಿ ಹೊರಬೀಳಲು ಕೆಲವು ದಿನ ಹೂಡಿ ನೋಡಬೇಕು. ಬೀಜವಾದರೋ ಮೊಳೆಯುವವರೆಗೆ ಕಾಯಬೇಕು. ದೋಷವು ತನ್ನನ್ನು ತಾನು ತೋರಿಸಿಕೊಳ್ಳಲು ಎಷ್ಟು ಕಾಲ ಬೇಕೋ ಅಷ್ಟು ಕಾಲವನ್ನು ಶಾಸ್ತ್ರವು ಕೊಳ್ಳುವವನಿಗೆ ಕೊಟ್ಟಿತು.

ಈ ಲೆಕ್ಕದಿಂದ ಕಡಲನೌಕೆಗೆ ಎಷ್ಟು ದಿನ ಕೊಡಬೇಕು? ಬಂದರಿನ ತಿಳಿನೀರಿನಲ್ಲಿ ಒಂದು ಸಂಜೆ ಸುತ್ತಿಬಂದರೆ ಹಾಯಿಯ ಹೊಲಿಗೆ ತಿಳಿಯುವುದು, ಎಂಜಿನ್ನಿನ ಹೊಗೆ ತಿಳಿಯುವುದು. ಕೀಲಿನ ಬೋಲ್ಟು ತನ್ನ ನಿಜವನ್ನು ಹೇಳುವುದು ಬಿರುಗಾಳಿಯ ಮೂರನೆಯ ರಾತ್ರಿಯಲ್ಲಿ. ಆಗ ಸರಕನ್ನು ಹಿಂದಿರುಗಿಸಲು ಅಂಗಡಿಯಿಲ್ಲ. ಪರೀಕ್ಷೆಗೆ ಕಾಲ ಕೊಡಲು ಎಲ್ಲಿ ಸಾಧ್ಯವಿಲ್ಲವೋ ಅಲ್ಲಿ ಆ ಕಾಲದ ಸ್ಥಾನವನ್ನು ಮಾರುವವನ ಮಾತು ತುಂಬಬೇಕು. ಸ್ಮೃತಿಯು ಇದನ್ನು ನೌಕೆಯ ವಿಷಯದಲ್ಲಿ ಹೇಳಿಲ್ಲ. ಆದರೆ ಅದರ ಎಣಿಕೆಯು ಮುಂದುವರಿದರೆ ಬಂದು ನಿಲ್ಲುವುದು ಇಲ್ಲಿಯೇ. ದೋಷವುಳ್ಳದ್ದನ್ನು ದೋಷವಿಲ್ಲದ್ದರಂತೆ ಮಾರಿದವನಿಗೆ ಬೆಲೆಯ ಎರಡರಷ್ಟು ದಂಡವನ್ನು ಅದೇ ಸ್ಮೃತಿಯು ವಿಧಿಸಿದೆಯೆಂಬುದನ್ನೂ ಮರೆಯಬಾರದು.

ರೋಮಿನ ಸಿಸೆರೋ ಕ್ರಿ. ಪೂ. 44ರಲ್ಲಿ ಮಗನನ್ನುದ್ದೇಶಿಸಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇದೇ ವಿಚಾರಕ್ಕೆ ಎರಡು ಪ್ರಸಂಗಗಳನ್ನು ಒಡ್ಡಿದ್ದಾನೆ. ಕ್ಷಾಮದಿಂದ ಬಳಲುವ ರೋಡ್ಸ್ ದ್ವೀಪಕ್ಕೆ ಅಲೆಕ್ಸಾಂಡ್ರಿಯಾದಿಂದ ಒಬ್ಬ ವರ್ತಕನು ಧಾನ್ಯದ ಹಡಗನ್ನು ತರುತ್ತಾನೆ. ಹಿಂದೆ ಇನ್ನೂ ಅನೇಕ ಹಡಗುಗಳು ಬರುತ್ತಿರುವುದನ್ನು ದಾರಿಯಲ್ಲಿ ಕಂಡಿದ್ದಾನೆ. ಅದನ್ನು ಹೇಳಬೇಕೋ, ಮುಚ್ಚಿಟ್ಟು ಏರಿದ ಬೆಲೆಗೆ ಮಾರಬಹುದೋ? ಎರಡನೆಯದು, ಒಬ್ಬನು ಮನೆ ಮಾರುತ್ತಾನೆ. ಅದರ ಮರಮುಟ್ಟು ಕೆಟ್ಟದ್ದು, ಕೋಣೆಗಳಲ್ಲೆಲ್ಲ ಹುಳುಹುಪ್ಪಟೆ. ಅವನೊಬ್ಬನ ಹೊರತು ಯಾರೂ ಅರಿಯರು. ಡಯೋಜೆನಿಸ್ ಎಂಬ ಸ್ತೋಯಿಕ ಪಂಡಿತನು, ಕಾಯಿದೆ ಹೇಳೆಂದಷ್ಟನ್ನು ಹೇಳಿದರೆ ಸಾಕು, ಉಳಿದದ್ದು ವ್ಯಾಪಾರ ಎಂದನಂತೆ. ಅವನ ಶಿಷ್ಯ ಆಂಟಿಪಾಟರನು, ಮಾರುವವನು ಬಲ್ಲದ್ದೆಲ್ಲವನ್ನೂ ಕೊಳ್ಳುವವನು ಬಲ್ಲವನಾಗಬೇಕು ಎಂದನಂತೆ. ಸಿಸೆರೋ ಎರಡು ಪ್ರಸಂಗಗಳಲ್ಲಿಯೂ ಶಿಷ್ಯನ ಕಡೆಗೇ ನಿಂತನು.

ಎರಡು ಪ್ರಸಂಗಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಸರಿಯೇ ಎಂಬುದು ಮಾತ್ರ ವಿಚಾರಣೀಯ. ಸೇಡಂ ಪೇಟೆಯಲ್ಲಿ ತೊಗರಿ ಮಾರುವವನು ನಾಳೆ ಬೆಲೆ ಇಳಿದೀತೆಂದು ಊಹಿಸಿ ಇಂದೇ ಮಾರಿದರೆ, ಕೊಂಡವನ ಮನೆಗೆ ಬಂದ ತೊಗರಿಯಂತೂ ತೊಗರಿಯೇ. ಬೆಲೆಯ ಸಮಾಚಾರವು ಸರಕಿನ ಹೊರಗಿನದು. ಅದನ್ನು ತಿಳಿಯುವ ದಾರಿ ಇಬ್ಬರಿಗೂ ತೆರೆದಿದೆ. ಕರಾರು ಕಾಯಿದೆಯೂ ಇಂಥ ಸಮಾಚಾರವನ್ನು ಹೇಳಬೇಕೆಂದು ವರ್ತಕನನ್ನು ಬಲವಂತಪಡಿಸುವುದಿಲ್ಲ. ಕ್ಷಾಮದ ಕಾಲದಲ್ಲಿ ಹಸಿದವರ ಮುಂದೆ ಹಾಗೆ ಮಾಡುವುದು ಕಠೋರವೆನಿಸಬಹುದು, ಅದು ಬೇರೆ ಮಾತು. ಆದರೆ ತೊಗರಿಯೊಳಗೆ ಹುಳುವಿದ್ದರೆ ಅದು ಸರಕಿನ ಒಳಗಿನ ಸಂಗತಿ. ಹೊರಗಿನ ಸಂಗತಿಯನ್ನು ಹೇಳದವನು ತನ್ನ ಲಾಭವನ್ನು ಕಾದುಕೊಂಡನು. ಒಳಗಿನ ಸಂಗತಿಯನ್ನು ಹೇಳದವನು ತಾನು ಹೆಸರಿಸಿದ ವಸ್ತುವಿನ ಬದಲು ಬೇರೊಂದನ್ನು ಕೊಟ್ಟನು. ಹಳೆಯ ನೌಕೆಯ ಬೆಲೆ ಬರುವ ವರ್ಷ ಕುಸಿಯಲಿದೆಯೆಂದು ಬಲ್ಲವನು ಸುಮ್ಮನಿದ್ದರೆ ಕ್ಷಮಿಸಬಹುದು. ಅದು ಒಮ್ಮೆ ಬಂಡೆಗೆ ಬಡಿದುದನ್ನು ಬಲ್ಲವನು ಸುಮ್ಮನಿದ್ದರೆ ಹೇಗೆ ಕ್ಷಮಿಸುವುದು?

ಇಲ್ಲಿ ಕೆಲವು ಆಕ್ಷೇಪಗಳು ಏಳುವುವು. ಕೊಳ್ಳುವವನು ತಜ್ಞನನ್ನು ಕರೆತರುತ್ತಾನಲ್ಲ, ದೋಷವಿದ್ದರೆ ಅವನೇ ಕಂಡುಹಿಡಿಯಲಿ ಎಂಬುದು ಒಂದು. ತಜ್ಞನ ಸುತ್ತಿಗೆಯು ಹೊರಮೈಯನ್ನು ತಟ್ಟಬಲ್ಲದು. ಇನ್ನೊಬ್ಬನ ನೌಕೆಯ ಬೋಲ್ಟುಗಳನ್ನು ಬಿಚ್ಚುವ ಅಧಿಕಾರ ಅವನಿಗಿಲ್ಲ. 'ಇದ್ದಂತೆ, ಇದ್ದಲ್ಲಿಯೇ' ಎಂದು ಬರೆದು ಮಾರಿದರೆ ಹೊಣೆ ತೀರಿತು ಎಂಬುದು ಇನ್ನೊಂದು. ಇಬ್ಬರಿಗೂ ತಿಳಿಯದ ದೋಷದ ವಿಷಯದಲ್ಲಿ ಆ ಮಾತು ನ್ಯಾಯವಾದುದೇ. ತನಗೆ ತಿಳಿದ ದೋಷವನ್ನು ಅದೇ ಮಾತಿನ ಅಡಿಯಲ್ಲಿ ಹೂಳಿದಾಗ ಅದು ಪರದೆಯಾಗುತ್ತದೆ.

ಇವೆರಡಕ್ಕಿಂತ ಕಠಿಣವಾದುದು ಮೂರನೆಯದು. ಮಾರುವವನು ಬಡವನಾಗಿರಬಹುದು. ನೌಕೆಯೇ ಅವನ ಸರ್ವಸ್ವವಾಗಿ, ಹೆಂಡತಿಯ ಔಷಧಕ್ಕೆ ಆ ಹಣವೇ ಆಧಾರವಾಗಿರಬಹುದು. ದೋಷವನ್ನು ಹೇಳಿದರೆ ಬೆಲೆ ಅರ್ಧಕ್ಕೆ ಇಳಿಯುವುದು, ಇಲ್ಲವೆ ಕೊಳ್ಳುವವನೇ ಎದ್ದುಹೋಗುವನು. ಇಂಥವನಿಗೆ ಬುದ್ಧಿ ಹೇಳುವುದು ದಡದಲ್ಲಿ ನಿಂತವರಿಗೆ ಸುಲಭ. ಅವನ ಕಷ್ಟ ನಿಜವಾದುದು; ಆದರೆ ಮುಚ್ಚಿಟ್ಟು ಪಡೆದ ಹೆಚ್ಚಿನ ಬೆಲೆಯೂ ಎಲ್ಲಿಂದಲೋ ಉದುರಿದುದಲ್ಲ. ಅಪಾಯವೊಂದನ್ನು ತಾನು ಇಳುಹಿ, ಅದನ್ನರಿಯದವನ ಹೆಗಲಿಗೆ ಹೊರಿಸಿ, ಹೊರಿಸಿದುದಕ್ಕೆ ಅವನಿಂದಲೇ ತೆಗೆದುಕೊಂಡ ಕೂಲಿ ಅದು. ಹೇಳಿ ಮಾರಿದಾಗಲೂ ಅಪಾಯವು ಕೈ ಬದಲಿಸುತ್ತದೆ. ಆಗ ಹೊರುವವನು ತಿಳಿದು ಹೊರುತ್ತಾನೆ, ಕಡಿಮೆ ಬೆಲೆ ಕೊಟ್ಟು ಮಿಕ್ಕುದರಿಂದ ಬೋಲ್ಟು ಬದಲಾಯಿಸುತ್ತಾನೆ.

ಬಲ್ಲದ್ದನ್ನು ಮುಚ್ಚುವವರಿಗಿಂತ ಬಲ್ಲವರಾಗದಂತೆ ನೋಡಿಕೊಳ್ಳುವವರೇ ಪ್ರಾಯಶಃ ಹೆಚ್ಚು. ಅಡಿಹಲಗೆಯನ್ನೆತ್ತಿದರೆ ತುಕ್ಕಿನ ನೀರು ಕಾಣುವುದೆಂದು ಅನುಮಾನವಿದೆ, ಆದುದರಿಂದ ಎತ್ತುವುದಿಲ್ಲ. 'ನನಗೆ ತಿಳಿದಂತೆ ಯಾವ ದೋಷವೂ ಇಲ್ಲ' ಎಂದು ಆಮೇಲೆ ನಿರ್ಮಲವಾದ ಮುಖದಿಂದ ಹೇಳುತ್ತಾರೆ. ಈ ಅಜ್ಞಾನವು ದುಡಿದು ಗಳಿಸಿದ್ದು. ಇದಕ್ಕೆ ಸುಳ್ಳಿಗಿಂತ ಕಡಿಮೆ ಬೆಲೆ ಕಟ್ಟುವುದು ಏಕೆಂಬುದು ತಿಳಿಯದು. ಅನುಮಾನವಿದ್ದವನು 'ಅನುಮಾನವಿದೆ, ನೋಡಿಲ್ಲ' ಎಂದು ಹೇಳಬಹುದಷ್ಟೆ. ಅದಕ್ಕಿಂತ ಹೆಚ್ಚನ್ನು ಯಾರೂ ಬೇಡುವುದಿಲ್ಲ.

ಜೋಶುವ ಸ್ಲೋಕಮ್ ಎಂಬ ಅಮೇರಿಕದ ಕಪ್ತಾನನ ಕಥೆಯು ಇದಕ್ಕೆ ಒಂದು ವಿನೋದದ ಪ್ರತಿಪಕ್ಷ. ಕೆಲಸವಿಲ್ಲದೆ ತಿರುಗುತ್ತಿದ್ದ ಅವನಿಗೆ 1892ರಲ್ಲಿ ಹಳೆಯ ಪರಿಚಿತನೊಬ್ಬನು ಫೇರ್‌ಹೇವನ್ ಊರಿನಲ್ಲಿ ಒಂದು ಹಡಗನ್ನು ಕೊಡುತ್ತೇನೆಂದನು, ಸ್ವಲ್ಪ ದುರಸ್ತಿ ಬೇಕೆಂದೂ ಹೇಳಿದನು. ಹೋಗಿ ನೋಡಿದರೆ 'ಸ್ಪ್ರೇ' ಎಂಬ ಆ ಹಡಗು ನೀರಿನಿಂದ ದೂರ, ಹೊಲದಲ್ಲಿ, ಬಟ್ಟೆ ಹೊದೆದು ವರ್ಷಗಟ್ಟಲೆ ಕುಳಿತಿತ್ತು. ಸ್ಲೋಕಮ್ ಮರ ಕಡಿದು, ಹಲಗೆ ಹಲಗೆಯಾಗಿ ಅದನ್ನು ಮತ್ತೆ ಕಟ್ಟಿದನು. 13 ತಿಂಗಳ ದುಡಿಮೆ, 553 ಡಾಲರು 62 ಸೆಂಟು ವೆಚ್ಚ. 1895ರಲ್ಲಿ ಬಾಸ್ಟನ್ನಿನಿಂದ ಹೊರಟು 1898ರಲ್ಲಿ ಮರಳಿದಾಗ ಭೂಮಿಯನ್ನು ಒಂಟಿಯಾಗಿ ಸುತ್ತಿಬಂದ ಮೊದಲಿಗನೆನಿಸಿದನು. ಕೊಟ್ಟವನದು ತಮಾಷೆ, ಆದರೆ ದೋಷವು ಬಯಲಿನಲ್ಲಿ ಕುಳಿತಿತ್ತು, ಹೊದಿಕೆ ಸರಿಸಿದರೆ ಕಾಣುವಂತಿತ್ತು. ಒಂದು ಬಣ್ಣ ಬಳಿದು ನೀರಿನಲ್ಲಿ ತೇಲಿಬಿಟ್ಟು ಕೊಟ್ಟಿದ್ದರೆ ಅದೇ ತಮಾಷೆ ಕೊಲೆಯಾಗುತ್ತಿತ್ತು.

ಇನ್ನೊಂದು ಹಡಗು ಈ ದೇಶದ್ದೇ. ಮುಂಬಯಿಯಲ್ಲಿ ತೇಗದಿಂದ ಕಟ್ಟಿ 1964ರಲ್ಲಿ ನೀರಿಗಿಳಿಸಿದ 32 ಅಡಿಯ 'ಸುಹೈಲಿ'. ಅದರ ಒಡೆಯ ರಾಬಿನ್ ನಾಕ್ಸ್-ಜಾನ್ಸ್ಟನ್ ಅವರು ಪೃಥ್ವೀಪ್ರದಕ್ಷಿಣೆಗೆ ಬೇರೆ ದೊಡ್ಡ ನೌಕೆಯನ್ನು ಕಟ್ಟಿಸುವ ಯೋಚನೆಯಲ್ಲಿದ್ದರು; ಹಣ ಕೂಡಿಬರಲಿಲ್ಲ. ಆದುದರಿಂದ 1968ರ ಜೂನ್ 14ರಂದು ಇದರಲ್ಲಿಯೇ ಹೊರಟರು. ಅಟ್ಲಾಂಟಿಕ್ ಸಾಗರದಲ್ಲಿ ಕೀಲಿನ ಬಳಿಯ ಸಂದುಗಳಿಂದ ನೀರು ಒಸರತೊಡಗಿತು. ನಡುಗಡಲಿನಲ್ಲಿ ನೀರಿಗೆ ಧುಮುಕಿ, ಉಸಿರು ಹಿಡಿದು ಮುಳುಗಿ ಮುಳುಗಿ, ಸಂದಿನಲ್ಲಿ ಹತ್ತಿಯ ಎಳೆಯನ್ನು ತುರುಕಿ, ಮೇಲೆ ತಾಮ್ರದ ತಗಡನ್ನು ಬಡಿದರು. ನಡುವೆ ಸುತ್ತಲಾರಂಭಿಸಿದ ಶಾರ್ಕ್ ಮೀನನ್ನು ಬಂದೂಕಿನಿಂದ ಕೊಂದರು. ಎಲ್ಲಿಯೂ ನಿಲ್ಲದೆ, 312 ದಿನಗಳ ಮೇಲೆ 1969ರ ಏಪ್ರಿಲ್ 22ರಂದು ಫಾಲ್ಮತ್ ಬಂದರಿಗೆ ಮರಳಿದರು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಆ ಹಡಗಿನ ಹಲಗೆ ಹಲಗೆಯನ್ನೂ ಬಲ್ಲ ಮನುಷ್ಯನೇ ಅದರಲ್ಲಿದ್ದನು. ನೀರು ಎಲ್ಲಿಂದ ಬರುತ್ತಿರಬೇಕೆಂದು ಹೊಸಬನಾದರೆ ಕತ್ತಲೆಯಲ್ಲಿ ತಡಕಾಡಬೇಕಾಗುತ್ತಿತ್ತು. ನೌಕೆಯನ್ನು ಕೊಳ್ಳುವವನಿಗೆ ಬೇಕಾದುದು ದೋಷವಿಲ್ಲದ ನೌಕೆಯಲ್ಲ, ಅಂಥದು ಎಲ್ಲಿಯೂ ಇಲ್ಲ. ದೋಷ ಎಲ್ಲಿದೆಯೆಂಬ ಅರಿವು.

ಹಳೆಯ ನೌಕೆಗಳಿಗೆ ಬೆಲೆಯಿಲ್ಲವೆಂದು ಯಾರೂ ತಿಳಿಯಬಾರದು. ಸುಹೈಲಿಯ ಯಾನದ ಸ್ಮರಣೆಗಾಗಿ ನಡೆದ 2022ರ ಸ್ಪರ್ಧೆಯಲ್ಲಿ 1988ಕ್ಕೆ ಹಿಂದಿನ ವಿನ್ಯಾಸದ ನೌಕೆಗಳಿಗೇ ಪ್ರವೇಶವಿತ್ತು. ಹೊರಟವರು 16 ಮಂದಿ. ಎಲ್ಲಿಯೂ ನಿಲ್ಲದೆ ಮುಗಿಸಿದವರು ಮೂವರು. ಅವರಲ್ಲಿ ಎರಡನೆಯವರು ಭಾರತೀಯ ನೌಕಾದಳದ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ.

ಕೊಳ್ಳುವವನ ಧರ್ಮವೂ ಒಂದುಂಟು, ಅದನ್ನು ಬಿಟ್ಟರೆ ಪಕ್ಷಪಾತವಾದೀತು. ಪ್ರಾಮಾಣಿಕನು ಒಂದು ದೋಷವನ್ನು ಹೇಳಿದೊಡನೆ ಅದನ್ನೇ ಹಿಡಿದು ಹತ್ತರಷ್ಟು ಬೆಲೆ ಇಳಿಸಲು ನೋಡುವವನೂ, ಇಲ್ಲದ ದೋಷಗಳನ್ನು ಊಹಿಸಿ ಮೂಗು ಮುರಿಯುವವನೂ ಲೋಕದಲ್ಲಿ ವಿರಳರಲ್ಲ. ಜಾತ್ರೆಯಲ್ಲಿ ಇಂಥವರನ್ನು ಕಂಡುಕಂಡೇ ಎತ್ತಿನವನು ಬಾಯಿ ಮುಚ್ಚುವುದನ್ನು ಕಲಿತಿರಬೇಕು. ನಿಜ ಹೇಳಿದವನನ್ನು ನಿಜ ಹೇಳಿದುದಕ್ಕಾಗಿಯೇ ದಂಡಿಸುವ ಪೇಟೆಯಲ್ಲಿ ಮೌನದ ಪಾಪವು ಒಬ್ಬನ ಮೇಲೆ ಮಾತ್ರ ಬೀಳಲಾರದು.

ಮಾರಾಟ ಮುಗಿದ ಮೇಲೆ ಈ ಹೊಣೆ ಮುಗಿಯುವುದೇ? ಹಣ ಸಂದಿದೆ, ಕಾಗದವಾಗಿದೆ, ನೌಕೆಯು ಹೊಸ ಒಡೆಯನೊಡನೆ ಹೋಗಿ ತಿಂಗಳುಗಳಾಗಿವೆ. ಅದೇ ಅಚ್ಚಿನಿಂದ ಬಂದ ಬೇರೆ ನೌಕೆಗಳಲ್ಲಿ ತಂತಿಹಗ್ಗದ ಪಟ್ಟಿಗಳು ಬಿರುಕುಬಿಡುತ್ತಿವೆಯೆಂಬ ಸುದ್ದಿ ಹಳೆಯ ಒಡೆಯನ ಕಿವಿಗೆ ಬೀಳುತ್ತದೆ. ಮಾರುವಾಗ ಅವನಿಗೆ ಅದು ತಿಳಿದಿರಲಿಲ್ಲ. ಈಗ ಹೇಳಿದರೆ ಜಗಳ ಬಂದೀತೆಂಬ ಅಂಜಿಕೆಯಿದೆ, ಹೇಳದಿದ್ದರೆ ಕೇಳುವವರಿಲ್ಲ. ಕಾಯಿದೆಯು ಅವನಿಂದ ಏನನ್ನೂ ಅಪೇಕ್ಷಿಸುವುದಿಲ್ಲ. ಸ್ಮೃತಿಯ ಹತ್ತು ದಿನಗಳೂ ಎಂದೋ ಕಳೆದವು. ಕೊಂಡವನ ವಿಳಾಸವು ಮಾತ್ರ ಅವನ ಮೇಜಿನ ಖಾನೆಯಲ್ಲಿದೆ, ಮುಂದಿನ ಬಂದರಿನ ಹೆಸರೂ ಅದರಲ್ಲಿ ಬರೆದಿದೆ, ನೌಕೆ ಅಲ್ಲಿಗೆ ಮುಟ್ಟಲು ಇನ್ನೂ ಎರಡು ವಾರವಿದೆ.